ಇಪ್ಪತ್ತಮೂರನೇ ನಂಬರಿನ ಹಾಜರಿ

ನಮ್ಮ ಕ್ಲಾಸಿನ ವೆಬ್‌ಸೈಟ್ ಹುಟ್ಟಿದ್ದು ವಿಜಯಪುರದಿಂದ ಟಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ. ಡ್ರೈವರನ ಹಿಂದಿನ ಎರಡನೆಯ ಸೀಟು. ಕಿಟಕಿಯ ಕಡೆ ನಾನು, ಈ ಕಡೆ ನಮ್ಮ ಶಾಲೆಯ ಸೈನ್ಸ್ ಟೀಚರ್. ಅವಳು ನನ್ನ ಅರ್ಧ ವಯಸ್ಸಿನವಳು, ಊರಿನ ಹಳೆಯ ಮುಸಲ್ಮಾನ ಮನೆತನದ ಹುಡುಗಿ, ನಗು ಬಂದರೆ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ನನ್‌ಗಳು ನಡೆಸುವ ಕಾನ್ವೆಂಟಿನಲ್ಲಿ ಓದಿ, ಅಂಥದೇ ಇನ್ನೊಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಟಿಕೋಟಾದ ಈ ಹೈಸ್ಕೂಲಿನ ಹೆಡ್‌ಮಾಸ್ತರರು "ಒಂದ ವರ್ಷ ಬಂದು ಹೋಗ್ರಿ ಮೇಡಂ, ಇಂಗ್ಲಿಷಿಗೆ ಯಾರೂ ಸಿಗವಲ್ರು" ಎಂದು ಕರೆದಿದ್ದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಲಾಕ್‌ಡೌನ್ ಕಳೆದು ಶಾಲೆ ತೆರೆದ ಮೇಲೂ ಮಕ್ಕಳು ಮೊದಲಿನಂತೆ ಬರುತ್ತಿರಲಿಲ್ಲ. ಹೊನವಾಡ, ಕನಮಡಿ ಕಡೆಯವರಿಗೆ ಬೆಳಗಿನ ಒಂದು ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದಂತೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ದಿನಗಳಲ್ಲಂತೂ ಹಿಂದಿನ ಬೆಂಚುಗಳು ಖಾಲಿ. ಮರುದಿನ ಬಂದವರು ಪಕ್ಕದವರ ನೋಟ್ಸ್ ನೋಡಿ ಬರೆದುಕೊಳ್ಳುವರು, ಪಕ್ಕದವರ ತಪ್ಪಿಗೆ ತಮ್ಮದೊಂದು ತಪ್ಪು ಸೇರಿಸಿ. ನಾನು ಇದನ್ನೇ ಬಸ್ಸಿನಲ್ಲಿ ದಿನವೂ ಗೊಣಗುತ್ತಿದ್ದೆ.

"ಮೇಡಂ, ನಮ್ಮದ ಒಂದು ವೆಬ್‌ಸೈಟ್ ಮಾಡೂಣ್ರಿ," ಎಂದಳು ಒಂದು ದಿನ ಸೈನ್ಸ್ ಟೀಚರ್. "ಪುಕ್ಕಟ ಸಿಗತೈತಿ. ಒಂದು ಇಮೇಲ್ ಇದ್ರ ಸಾಕು."

"ನನಗ ಬರ್ತದೇನವಾ ಅದು?"

"ಸೀರಿ ನಿರಿಗಿ ಹಿಡಿಯಾಕ ಬರತೈತಿಲ್ರಿ? ಇದು ಅದಕ್ಕಿಂತ ಸರಳ ಐತಿ."

ಪೂರ್ತಿ ಸುಳ್ಳೇನೂ ಹೇಳಿರಲಿಲ್ಲ. ಮೊದಲ ದಿನ ಟಿಕೋಟಾ ಬರುವಷ್ಟರಲ್ಲಿ ಸೈಟಿಗೊಂದು ಹೆಸರು, ಒಂದು ಪಾಸ್‌ವರ್ಡ್ ಆಯಿತು. ಎರಡನೆಯ ದಿನ ಡಿಸೈನ್ ಆರಿಸುವ ಕೆಲಸ. ಬಲೂನು, ರಾಕೆಟ್ಟು, ನಗುವ ಸೂರ್ಯ ಎಲ್ಲ ಇದ್ದವು. ನಾನು ಏನೂ ಇಲ್ಲದ ಬಿಳಿಯ ಪುಟವೊಂದನ್ನು ಆರಿಸಿದೆ. "ಅಯ್ಯ, ದವಾಖಾನಿ ಗೋಡಿ ಇದ್ದಂಗ ಐತಲ್ರಿ," ಎಂದು ಅವಳು ಮುಖ ಮುರಿದಳು. ಮೂರನೆಯ ದಿನ ಆ ಬಿಳಿಯ ಪುಟದ ಎಡಕ್ಕೆ ಒಂದು ಗೆರೆ ಎಳೆದೆ, ಬಲಗಡೆ ಮೇಲೆ ತಾರೀಖು ಬರೆದೆ. ಆಗ ನನ್ನ ಕಣ್ಣಿಗೆ ಅದು ಬೋರ್ಡ್ ಆಯಿತು.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮದರ್ ಬೋರ್ಡಿನ ವಿಷಯದಲ್ಲಿ ಬಹಳ ಸ್ಟ್ರಿಕ್ಟ್. ಮಾರ್ಜಿನ್ ಎಳೆಯದೆ ಒಂದಕ್ಷರ ಬರೆಯುತ್ತಿರಲಿಲ್ಲ. ಬರೆದ ಮೇಲೆ ಚಾಕ್ ಇಟ್ಟು, ಉದ್ದನೆಯ ಬಿಳಿ ಉಡುಪು ಸರಿಮಾಡಿಕೊಳ್ಳುತ್ತ ಹಿಂದೆ ಹೋಗಿ ಲಾಸ್ಟ್ ಬೆಂಚಿನಲ್ಲಿ ತಾವೇ ಕೂತು ನೋಡುತ್ತಿದ್ದರು. ಅಲ್ಲಿಂದ ಕಾಣದಿದ್ದರೆ ಅಳಿಸಿ ಮತ್ತೆ ಬರೆಯುವರು. ಅದನ್ನು ನೆನೆದು ನಾನೂ ಒಂದು ರೂಲ್ ಮಾಡಿಕೊಂಡೆ. ಏನೇ ಹಾಕಿದರೂ ನಮ್ಮ ಶಾಲೆಯ ಆಯಾಳ ಫೋನಿನಲ್ಲಿ ಒಮ್ಮೆ ತೆರೆದು ನೋಡುವುದು. ಗಾಜು ಬಿರಿದ, ನಿಧಾನದ ಫೋನು. ಅದರಲ್ಲಿ ತೆರೆದುಕೊಳ್ಳದ ಚಿತ್ರವನ್ನು ನಾನು ಇಟ್ಟುಕೊಳ್ಳಲಿಲ್ಲ. ಮಕ್ಕಳ ಹೆಸರು, ಫೋಟೊ ಬೇಡವೇ ಬೇಡ. ರೋಲ್ ನಂಬರ್ ಸಾಕು. ಒಂದು ಪುಟದಲ್ಲಿ ಇವತ್ತಿನ ಪಾಠ, ನನ್ನ ಧ್ವನಿಯಲ್ಲಿ. ಇನ್ನೊಂದರಲ್ಲಿ ಹೋಮ್‌ವರ್ಕ್. ಮೂರನೆಯದರಲ್ಲಿ ಮಕ್ಕಳು ಪ್ರಶ್ನೆ ಬರೆಯಬಹುದು, ಉತ್ತರದ ಹಾಳೆಯ ಫೋಟೊ ಕಳಿಸಬಹುದು.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾಲ್ಕನೆಯ ಪುಟವೊಂದನ್ನು ಮಾಡಿದೆ. ಐ ಮಸ್ಟ್ ಕನ್ಫೆಸ್, ಅದು ನನ್ನ ಖುಷಿಗೆ ಮಾಡಿದ್ದು. ಕಾನ್ವೆಂಟಿನ ಬೆಳಗುಗಳಲ್ಲಿ ನನಗೆ ಈಗಲೂ ಕೇಳಿಸುವುದು ಒಂದೇ: ಕ್ಲಾಸ್ ಮಿಸ್ ನಂಬರ್ ಕರೆಯುವುದು, ಒಬ್ಬೊಬ್ಬಳೇ ಎದ್ದು "ಪ್ರೆಸೆಂಟ್, ಮಿಸ್" ಎನ್ನುವುದು. ಎಷ್ಟು ಬಗೆಯ ಧ್ವನಿಗಳು. ನೆಗಡಿಯಾದವಳದು, ನಾಚಿಕೆಯವಳದು, ಹೊಸ ಶೂ ಹಾಕಿಕೊಂಡವಳದು. ಆ ಪುಟಕ್ಕೂ ಅದನ್ನೇ ಹೆಸರಿಟ್ಟೆ. ಪಾಠ ಕೇಳಿ ಮುಗಿಸಿದ ಮಗು ತನ್ನ ನಂಬರ್ ಒತ್ತಿದರೆ ಹಸಿರು ಗುರುತು ಬೀಳುತ್ತಿತ್ತು.

"ಇದ್ಯಾಕ್ರಿ ಮೇಡಂ?" ಎಂದಳು ಸೈನ್ಸ್ ಟೀಚರ್. "ಹಾಜರಿ ಪುಸ್ತಕ ಸಾಲ್ಯಾಗ ಐತಲ್ಲ."

"ಇರಲಿ ಬಿಡ. ಚೆಂದ ಕಾಣತದ."

ಆ ವರ್ಷದ ಹತ್ತನೆಯ ಕ್ಲಾಸಿನ ಇಪ್ಪತ್ತಮೂರನೇ ನಂಬರ್ ಹೊನವಾಡದ ಹುಡುಗಿ. ಸಣ್ಣ ಮೈ, ದೊಡ್ಡ ಧ್ವನಿ. ಪಾಠದಲ್ಲಿ ಯಾರಾದರೂ ಮನೆ ಬಿಟ್ಟು ಹೋದರೆ "ಮುಂದ ಅಕಿ ಎಲ್ಲಿ ಮಲಗಿದ್ಲ್ರಿ ಅಕ್ಕೋರ?" ಎಂದು ಕೇಳುವವಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಎಷ್ಟು ವರ್ಷ ತಿದ್ದಿದರೂ ನನ್ನನ್ನು ಮಿಸ್ ಎಂದು ಕರೆದವರು ಟಿಕೋಟಾದಲ್ಲಿ ಇರಲಿಲ್ಲ. ಅವಳು ಪಾಸಾಗುತ್ತಾಳೆ, ಮುಂದೆ ವಿಜಯಪುರದಲ್ಲಿ ಕಾಲೇಜಿಗೆ ಹೋಗುತ್ತಾಳೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಟ್ಟಿದ್ದೆ.

ಗಣೇಶನ ಹಬ್ಬದ ರಜೆ ಮುಗಿಸಿ ಶಾಲೆ ತೆರೆದಾಗ ಅವಳು ಬರಲಿಲ್ಲ. ಆದರೆ ಸೈಟಿನಲ್ಲಿ ದಿನವೂ ಮಧ್ಯಾಹ್ನ ಮೂರರ ಸುಮಾರಿಗೆ ಇಪ್ಪತ್ತಮೂರು ಹಸಿರಾಗುತ್ತಿತ್ತು. ಉತ್ತರಗಳು ಬರುತ್ತಿದ್ದವು. ಕೈಬರಹ ಮೊದಲಿಗಿಂತ ದುಂಡಗಾಗಿತ್ತು, ಎಡಕ್ಕೆ ನೀಟಾಗಿ ಮಾರ್ಜಿನ್ ಬೇರೆ. ಮನೆಯಲ್ಲಿ ಸಮಯ ಸಿಕ್ಕಿದೆ, ತಿದ್ದಿಕೊಂಡಿದ್ದಾಳೆ ಎಂದುಕೊಂಡೆ. "ವೆರಿ ಗುಡ್, 23" ಎಂದು ಬರೆಯುತ್ತಿದ್ದೆ. ಒಂದು ದಿನ ಪ್ರಶ್ನೆಯ ಪುಟದಲ್ಲಿ, "ಮಿಸ್, ನಿಮ್ಮ ಮನೆಯ ಹತ್ತಿರ ರೈಲು ಹೋಗುತ್ತದೆಯೇ?" ಎಂದಿತ್ತು. ನನ್ನ ಮನೆ ಇಬ್ರಾಹಿಂಪುರದಲ್ಲಿ, ಹಳಿಯ ಹತ್ತಿರವೇ. ಅಪ್ಪ ರೈಲ್ವೆಯಲ್ಲಿದ್ದವರು, ಆ ಸದ್ದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ ಎಂದು ಕ್ಲಾಸಿನಲ್ಲಿ ಹತ್ತು ಸಲವಾದರೂ ಹೇಳಿದ್ದೇನೆ. ಗೊತ್ತಿದ್ದೂ ಕೇಳುತ್ತಾಳಲ್ಲ, ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಮಿಸ್ ಎಂದು ಕರೆದದ್ದಕ್ಕೆ ಇನ್ನಷ್ಟು ಖುಷಿಯಾಯಿತು. ಆ ಖುಷಿಯಲ್ಲಿ ಎರಡೂ ಸುಳಿವು ನನ್ನ ಕೈತಪ್ಪಿದವು.

ಚಾಟ್ನಿ ಶುರುವಾಗುವ ಹೊತ್ತಿಗೆ ಹೊನವಾಡದ ಇನ್ನೂ ಮೂವರು ಹುಡುಗಿಯರು ಶಾಲೆಗೆ ಬರುವುದನ್ನು ನಿಲ್ಲಿಸಿದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಸಾಲಿಗೆ ಗೈರು, ಗೈರು, ಗೈರು. ನನ್ನ ಸೈಟಿನಲ್ಲಿ ಎಲ್ಲ ಹಸಿರು. ಎರಡನ್ನೂ ಮುಂದಿಟ್ಟುಕೊಂಡು ಸ್ಟಾಫ್‌ರೂಮಿನಲ್ಲಿ ದಿನಗಳನ್ನು ಎಣಿಸಿದೆ. ಪುಸ್ತಕದ ಹಾಜರಿ ಕಡಿಮೆ ಬಿದ್ದರೆ ಹತ್ತನೆಯ ಪರೀಕ್ಷೆಗೆ ಕೂಡಿಸುವುದಿಲ್ಲ. ಇಪ್ಪತ್ತಮೂರಕ್ಕೆ ಆಗಲೇ ಅಂಚಿಗೆ ಬಂದಿತ್ತು.

ಅವರ ಮನೆಗೆ ಫೋನ್ ಮಾಡಿದೆ. ಎತ್ತಿದವಳು ಅಜ್ಜಿ.

"ಹಾಜರಿ ಹಾಕ್ಯಾಳಲ್ರೀ ಅಕ್ಕೋರ. ನೋಡ್ರಿ ನಿಮ್ಮ ಫೋನಿನ್ಯಾಗ," ಎಂದಳು. "ಒಂದ ದಿನಾನೂ ತಪ್ಪಿಸಿಲ್ಲ."

ಫೋನಿನಲ್ಲಿ ಬಗೆಹರಿಯುವ ಮಾತಾಗಿರಲಿಲ್ಲ. ಅಂದೇ ಮಧ್ಯಾಹ್ನ ಸೈನ್ಸ್ ಟೀಚರನ್ನು ಕರೆದುಕೊಂಡು ಹೊನವಾಡದ ಬಸ್ ಹತ್ತಿದೆ.

ಮನೆಯ ಅಂಗಳದಲ್ಲಿ ಹಗ್ಗದ ತುಂಬ ಕೂಸಿನ ಬಟ್ಟೆ. ಹಿತ್ತಲಲ್ಲಿ ನಮ್ಮ ಇಪ್ಪತ್ತಮೂರನೇ ನಂಬರ್ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ನೋಡಿದವಳೇ ಸೋಪಿನ ಕೈಯಲ್ಲೇ ಎದ್ದು ನಿಂತಳು, ಕ್ಲಾಸಿನಲ್ಲಿ ನಿಲ್ಲುವ ಹಾಗೆ. ಅವಳ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಬಾಣಂತಿಗೆ ನೀರು ಕಾಸುವವರು, ಬಟ್ಟೆ ಒಗೆಯುವವರು, ಕೂಸು ಎತ್ತಿಕೊಳ್ಳುವವರು ಬೇಕಲ್ಲ.

"ಕಾಲ ತೊಳಕೊಂಡ ಒಳಗ ಬರ್ರಿ ಅಕ್ಕೋರ, ಕೂಸಿದ್ದ ಮನಿ," ಎಂದಳು ಅಜ್ಜಿ. ನನ್ನದೇ ವಯಸ್ಸು ಇರಬೇಕು, ನನಗಿಂತ ಗಟ್ಟಿ.

ಬಾಣಂತಿಯ ಕೋಣೆಯ ಕಿಟಕಿಗೆ ಗೋಣಿಚೀಲ ಒತ್ತಿದ್ದರು, ಗಾಳಿ ಬರಬಾರದೆಂದು. ಮಂಚದ ಕೆಳಗೆ ಶೇಗಡಿ ಒಲೆಯ ಕೆಂಡ, ಅದರ ಮೇಲೆ ಅಜವಾನದ ಹೊಗೆ. ಹೊಸ್ತಿಲಲ್ಲಿ ನಿಂತ ನನಗೇ ಉಸಿರು ಕಟ್ಟಿತು. ಆ ಹುಡುಗಿ ಅದರೊಳಗೆ ಎರಡು ತಿಂಗಳಿಂದ ಇದ್ದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಎರಡೂ ಕಿವಿ ಮುಚ್ಚುವಂತೆ ತಲೆಗೆ ಸ್ಕಾರ್ಫ್ ಬಿಗಿದಿದ್ದರು. ಗೋಡೆಯ ಕಡೆ ಮುಖ ಮಾಡಿದ್ದವಳು ನಾನು ಮಾತು ಶುರು ಮಾಡುತ್ತಲೇ ತಿರುಗಿದಳು. ಬೇರೆ ಯಾರನ್ನೂ ನೋಡಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಸ್ವಲ್ಪ ಮುಜುಗರವಾಯಿತು.

"ಅವ್ವಾರ, ಅದು ಖರೇ ಹಾಜರಿ ಅಲ್ರೀ," ಎಂದೆ ಅಜ್ಜಿಗೆ. "ಸಾಲಿಗೆ ಬಂದ್ರ ಅಷ್ಟ ಹಾಜರಿ."

"ಹಂಗಾರ ಸುಳ್ಳ ಹಾಜರಿ ಯಾಕ ಹಾಕಸ್ಕೊಂಡ್ರಿ?"

ಸೈನ್ಸ್ ಟೀಚರ್ ನಡುವೆ ಬಂದಳು. "ಅಜ್ಜೀ, ಅದು ಹುಡುಗರ ಖುಷಿಗೆ ಮಾಡಿದ್ದು."

"ಖುಷಿಗೆ ಮಾಡಾಕ ಸಾಲಿ ಏನು ಜೋಕಾಲಿ ಏನ ತಂಗಿ?" ಎಂದಳು ಅಜ್ಜಿ. "ನಿಮ್ಮ ಅಕ್ಕೋರ ಧ್ವನಿ ದಿನಾ ನಮ್ಮ ಮನೀಗೆ ಬರತೈತಿ. ಪಾಠಾನೂ ಅಲ್ಲೇ, ಹಾಜರಿನೂ ಅಲ್ಲೇ. ಮನ್ಯಾಗ ಕುಂತು ಓದಾಕತ್ತಾಳ ಅಂದ ಮ್ಯಾಲ ಅಷ್ಟ ದೂರ ಬಸ್ಸಿನ್ಯಾಗ ಜೋತ ಬಿದ್ದು ಯಾಕ ಬರಬೇಕು? ಕೂಸಿಗೆ ಐದು ತಿಂಗಳ ತುಂಬಲಿ, ನಾನ ತಂದು ಬಿಡತೀನಿ."

"ಅಷ್ಟರಾಗ ಹಾಜರಿ ಮುಗದ ಹೋಗತದ್ರಿ. ಪರೀಕ್ಷಾಕ್ಕ ಕೂಡಸೂದಿಲ್ಲ."

"ನಾಕ ಮನಿ ಹುಡುಗ್ಯಾರು ನಿಮ್ಮ ಫೋನ್ ನಂಬಿ ಮನ್ಯಾಗ ಅದಾರ. ಅವರಿಗೆಲ್ಲ ಏನ ಹೇಳತೀರಿ, ಹೋಗಿ ಹೇಳ್ರಿ."

ಇಪ್ಪತ್ತಮೂರು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಕ್ಲಾಸಿನಲ್ಲಿ ಅಷ್ಟು ಪ್ರಶ್ನೆ ಕೇಳುವವಳು ಕೈಯ ಸೋಪು ಒರೆಸಿಕೊಳ್ಳುತ್ತ ಅಕ್ಕನ ಕಡೆ ನೋಡಿದಳು. ಹೊರಡುವಾಗ ಅಜ್ಜಿ ಕುಂಕುಮ ಕೊಟ್ಟಳು, ಕೂಸಿನ ಮನೆಯಿಂದ ಹಾಗೇ ಹೋಗಬಾರದೆಂದು.

ದಾರಿಯುದ್ದಕ್ಕೂ ಯೋಚಿಸಿದೆ. ಬರಲಾರದ ಮಕ್ಕಳಿಗೆ ಪಾಠ ತಪ್ಪದಿರಲಿ ಎಂದು ಸೈಟ್ ಮಾಡಿದೆ. ಅದು ಇರುವುದರಿಂದಲೇ ಮನೆಯವರು ಮಕ್ಕಳನ್ನು ಕಳಿಸುತ್ತಿಲ್ಲ. ಇಟ್ಟುಕೊಂಡರೆ ನಾಲ್ವರೂ ಪರೀಕ್ಷೆ ಕಳೆದುಕೊಳ್ಳುತ್ತಾರೆ. ತೆಗೆದರೆ, ಆಗಲೂ ಕಳಿಸದಿದ್ದರೆ, ಇದ್ದ ಅಷ್ಟು ಪಾಠವೂ ಇಲ್ಲ. ಯಾವ ಕಡೆ ತಿರುಗಿದರೂ ನಾನೇ ಬಣ್ಣ ಹಚ್ಚಿದ ಗೋಡೆ.

ಮರುದಿನ ಹೆಡ್‌ಮಾಸ್ತರರ ಮುಂದೆ ನಿಂತೆ. ಸೈಟ್ ಮುಚ್ಚುತ್ತೇನೆ ಎಂದೆ.

"ಏನಂತೀರಿ ಮೇಡಂ," ಎಂದು ಕನ್ನಡಕ ತೆಗೆದರು. "ಮುಂದಿನ ವಾರ ಬಬಲೇಶ್ವರದಾಗ ಶಿಕ್ಷಕರ ಟ್ರೇನಿಂಗ್ ಐತಿ. ಟೀಚರ್ಸ್ ತಮ್ಮ ಕ್ಲಾಸಿನ ವೆಬ್‌ಸೈಟ್ ಹೆಂಗ ಮಾಡಬೇಕಂತ ನೀವ ಹೇಳಿಕೊಡಬೇಕು. ನಿಮ್ಮ ಹೆಸರು ಕೊಟ್ಟ ಕುಂತೀನಿ ನಾನು."

"ಸರ್, ಹುಡುಗ್ಯಾರು ಸಾಲಿ ಬಿಡಾಕತ್ತಾರ."

"ಅವರು ಬಿಡೂದು ಹೊಸದೇನ್ರಿ? ಮೊದಲ ಸುಮ್ಮ ಬಿಡತಿದ್ರು, ಈಗ ಪಾಠ ಕೇಳಿ ಬಿಡಾಕತ್ತಾರ. ಆ ಟ್ರೇನಿಂಗ್ ಒಂದ ಆಗಲಿ, ಆಮ್ಯಾಲ ನೋಡೂಣು."

ಆ ಒಂದು ವಾರವೂ ಇಪ್ಪತ್ತಮೂರನೇ ನಂಬರ್ ದಿನಾ ಹಸಿರಾಯಿತು. ನಾನು "ವೆರಿ ಗುಡ್" ಬರೆಯುವುದನ್ನು ನಿಲ್ಲಿಸಿದೆ. ಒಂದು ಸಂಜೆ ಪ್ರಶ್ನೆಯ ಪುಟದಲ್ಲಿ "ಮಿಸ್, ನನ್ನ ಉತ್ತರ ತಪ್ಪಾಗಿದೆಯೇ?" ಎಂದಿತ್ತು. ಅದಕ್ಕೂ ಬರೆಯಲಿಲ್ಲ.

ಬಬಲೇಶ್ವರದ ಹಾಲಿನಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರು ತುಂಬಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಹೆಡ್‌ಮಾಸ್ತರರು, ಮದುವೆ ಮನೆಯ ಹಿರಿಯರ ಹಾಗೆ. ಪರದೆಯ ಮೇಲೆ ನನ್ನ ಬಿಳಿಯ ಪುಟ ಮೂಡಿತು. ಹೇಳಿಕೊಟ್ಟೆ. ಮೊದಲು ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಯಾರಿಗಾಗಿ ಈ ಸೈಟ್, ಅವರ ಕೈಯಲ್ಲಿ ಯಾವ ಫೋನ್ ಇದೆ ಎಂದು. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಒಬ್ಬರು ವರ್ಗವಾಗಿ ಹೋದರೂ ಸೈಟ್ ನಿಲ್ಲಬಾರದು. ಪುಟಗಳು ಕಡಿಮೆ ಇರಲಿ. ಮಕ್ಕಳ ಮುಖ ಹಾಕಬೇಡಿ. ಧ್ವನಿ ರೆಕಾರ್ಡ್ ಮಾಡುವಾಗ ಹತ್ತು ನಿಮಿಷ ಮೀರಬೇಡಿ, ಅವರ ಡೇಟಾ ಖರ್ಚಾಗುತ್ತದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಧ್ವನಿ ಮಾತ್ರ ನನಗೇ ರೆಕಾರ್ಡ್ ಮಾಡಿದ್ದರ ಹಾಗೆ ಕೇಳುತ್ತಿತ್ತು.

ನಾಲ್ಕನೆಯ ಪುಟವನ್ನು ದಾಟಿಸಿಬಿಡೋಣ ಎಂದಿದ್ದೆ. ನಡುವಿನ ಸಾಲಿನಿಂದ ಒಬ್ಬ ಮಾಸ್ತರರು ಎದ್ದರು.

"ಮೇಡಂ, ಅಲ್ಲೊಂದು ಹಾಜರಿ ಪೇಜ್ ಕಾಣಾಕತ್ತೈತಲ್ರಿ? ಭಾಳ ಛಲೋ ಐತಿ. ಅದನ್ನ ಹೆಂಗ ಮಾಡೂದು?"

ಹೆಡ್‌ಮಾಸ್ತರರು ಹಿಂದೆ ತಿರುಗಿ ಅವರಿಗೆ ಮುಗುಳ್ನಕ್ಕರು, ನನ್ನ ಕಡೆ ನೋಡಿ ತಲೆಯಾಡಿಸಿದರು. ಮಾಡಬೇಡಿ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಾನ್ವೆಂಟ್ ನಮಗೆ ಸಭೆಯಲ್ಲಿ ಹಿರಿಯರಿಗೆ ಎದುರು ಮಾತಾಡದಿರುವುದನ್ನು ಎಷ್ಟು ಚೆನ್ನಾಗಿ ಕಲಿಸಿತ್ತು ಎಂದರೆ, ನಾನು ಒಂದೊಂದೇ ಹೆಜ್ಜೆಯಾಗಿ ಆ ಹಸಿರು ಗುರುತನ್ನು ಅವರೆಲ್ಲರಿಗೆ ಕಲಿಸಿಕೊಟ್ಟೆ. ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು.

ವಿಜಯಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಆ ಶಾಲು ತೊಡೆಯ ಮೇಲಿತ್ತು. ಪಕ್ಕದಲ್ಲಿ ಸೈನ್ಸ್ ಟೀಚರ್. ಫೋನ್ ತೆಗೆದು ಸೆಟ್ಟಿಂಗ್ಸ್‌ಗೆ ಹೋದೆ.

"ಏನ ಮಾಡಾಕತ್ತೀರಿ ಮೇಡಂ?"

"ಅಳಸಾಕತ್ತೀನಿ."

"ಅರೇ, ಬರೇ ಹಾಜರಿ ಪೇಜ್ ತಗೀರಿ. ಪೂರಾ ಯಾಕ?"

"ಪಾಠ ಇದ್ರ ಆ ಅಜ್ಜಿ ಬಿಡೂದಿಲ್ಲವಾ. ಪಾಠಾನೂ ಅಲ್ಲೇ ಅಂದಳಲ್ಲ, ಕೇಳಿಲ್ಲೇನು?"

"ಒಂದ ದಿನ ತಡೀರಿ. ಹೆಡ್‌ಮಾಸ್ತರಿಗೆ ಒಂದ ಮಾತು—"

ಅಳಿಸುವುದು ಖಚಿತವೇ ಎಂದು ಫೋನ್ ಕೇಳಿತು. ಒತ್ತಿದೆ. ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ ಒತ್ತಿದೆ. ಅಷ್ಟು ತಿಂಗಳ ಪಾಠಗಳು, ನನ್ನ ಕೆಮ್ಮು, ಹಿಂದೆ ಹೋಗುತ್ತಿದ್ದ ರೈಲು, ಎಲ್ಲ ಹೋದವು. ಅವಳು ಶಾಲನ್ನು ಮಡಿಚಿ ನನ್ನ ಬ್ಯಾಗಿನಲ್ಲಿ ಇಟ್ಟಳು. ಬಸ್ ಇಳಿಯುವ ಮೊದಲೇ ಹೊನವಾಡದ ಅಜ್ಜಿಗೆ ಫೋನ್ ಮಾಡಿದೆ.

"ಅವ್ವಾರ, ಫೋನಿನ ಸಾಲಿ ಬಂದ್ ಆತ್ರಿ."

"ಯಾರ ಬಂದ್ ಮಾಡಿದ್ರು?"

"ನಾನ ಮಾಡೀನ್ರಿ. ಇನ್ನ ಪಾಠಾ ಸಾಲ್ಯಾಗಷ್ಟ, ಹಾಜರಿ ಸಾಲ್ಯಾಗಷ್ಟ."

ಆ ಕಡೆ ಕೂಸು ಅಳುವುದು ಕೇಳಿತು. "ನಿಮಗ ಹಟ ಭಾಳ ಐತಿ," ಎಂದು ಇಟ್ಟುಬಿಟ್ಟಳು.

ಹೆಡ್‌ಮಾಸ್ತರರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ "ನಾಕ ಮಂದಿ ಮುಂದ ಹೆಸರಾಗಿತ್ರಿ ಮೇಡಂ" ಎಂದರು. ಹಾಗಾದರೆ ಕೆಲಸ ಬಿಡುತ್ತೇನೆ ಎಂದೆ. "ಬಿಡೂದೆಲ್ಲಿ ಬಂತ್ರಿ, ಪರೀಕ್ಷಾ ಬಂದಾವ," ಎಂದು ಟೈಮ್‌ಟೇಬಲ್ ಕೈಗಿತ್ತರು. ಅದರಲ್ಲಿ ಎರಡು ಪೀರಿಯಡ್ ಹೆಚ್ಚಿಗೆ ಇತ್ತು.

ಸೋಮವಾರ ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಇಪ್ಪತ್ತೆರಡು ಆದ ಮೇಲೆ ಅಭ್ಯಾಸದಂತೆ ಒಂದು ಕ್ಷಣ ನಿಂತೆ. "ಹಾಜರ್ ಅಕ್ಕೋರ," ಎಂದಿತು ಎರಡನೆಯ ಬೆಂಚು. ಅದೇ ದೊಡ್ಡ ಧ್ವನಿ. ತಲೆಯೆತ್ತಲು ಧೈರ್ಯವಾಗದೆ ಪುಸ್ತಕದಲ್ಲಿ ಗುರುತು ಹಾಕಿದೆ, ಎರಡು ಸಲ ತಿದ್ದಿ. ಬಟ್ಟೆ ಒಗೆಯುವ ಕೆಲಸವನ್ನು ಅಜ್ಜಿ ತಾನೇ ವಹಿಸಿಕೊಂಡಿದ್ದಳಂತೆ, ದಿನವೂ ನನ್ನನ್ನು ಬೈಯುತ್ತ. ಆ ವಾರದೊಳಗೆ ಉಳಿದ ಮೂವರೂ ಬಂದರು. ಇನ್ನು ಒಂದು ದಿನವೂ ತಪ್ಪಿಸದಿದ್ದರೆ ಇಪ್ಪತ್ತಮೂರು ಪರೀಕ್ಷೆಗೆ ಕೂರಬಹುದಿತ್ತು.

ಎರಡು ದಿನ ನಾನು ಹಗುರಾಗಿದ್ದೆ. ಮೂರನೆಯ ದಿನ, ಸೈಟಿನಲ್ಲಿ ಬಹಳ ಚೆಂದದ ಉತ್ತರ ಬಂದಿದ್ದ ಒಂದು ಪಾಠವನ್ನು ತೆಗೆದು, "ನೀ ಬರದಿದ್ದು ಎಲ್ಲರಿಗೂ ಹೇಳು" ಎಂದೆ ಅವಳಿಗೆ. ಎದ್ದು ನಿಂತಳು. ಬೆರಳ ತುದಿಗಳು ಒಗೆಯುವ ಸೋಡಾದ ನೀರಿಗೆ ಬಿರಿದಿದ್ದವು, ಅವನ್ನೇ ನೋಡುತ್ತಿದ್ದಳು. ಕ್ಲಾಸ್ ಮುಗಿದ ಮೇಲೆ ತಾನೇ ನನ್ನ ಹಿಂದೆ ಬಂದಳು.

"ಅಕ್ಕೋರ, ಬೈಬ್ಯಾಡ್ರಿ. ನಾ ಒಂದ ದಿನಾನೂ ಕೇಳಿಲ್ರಿ ಅದನ್ನ."

"ಮತ್ತ ಬರದವರ‍್ಯಾರು?"

"ನನಗೆಲ್ಲಿ ಪುರಸೊತ್ತಿತ್ರಿ? ನೀರ ಕಾಸೂದು, ಅರಬಿ ಒಗಿಯೂದು. ಅಕ್ಕ ಕೇಳತಿದ್ಲು. ಕೂಸು ಮಲಗಿದ ಮ್ಯಾಲ ಸ್ಕಾರ್ಫಿನ ಒಳಗ ಇಯರ್‌ಫೋನ್ ಹಾಕ್ಕೊಂತಿದ್ಲು, ಅಜ್ಜಿಗೆ ಕಾಣಲಾರದಂಗ. ನನ್ನ ನಂಬರ್ ಅಕಿನ ಒತ್ತತಿದ್ಲು. ನನ್ನ ಹಾಜರಿ ಉಳೀಲಿ ಅಂತ."

"ಎಷ್ಟರತನಕ ಓದ್ಯಾಳ ಅಕಿ?"

"ಒಂಬತ್ತರಾಗ ಬಿಡಿಸಿದ್ರಿ. ಲಗ್ನಾತು."

"ಈಗ ಏನ ಮಾಡತಾಳ?"

"ಫೋನ್ ಹಿಡ್ಕೊಂಡು ಕುಂತಿರತಾಳ್ರಿ. ಮೂರ ಗಂಟೆ ಆತಂದ್ರ ತಗದು ನೋಡತಾಳ. ಅಲ್ಲಿ ಏನೂ ಬರೂದಿಲ್ಲ, ಮತ್ತ ತಗೀತಾಳ. ನನಗ ಕೇಳ್ತಾಳ, ಮಿಸ್ ಸಿಟ್ಟಾಗ್ಯಾರೇನ ಅಂತ."

ಸ್ಟಾಫ್‌ರೂಮಿಗೆ ಬಂದು ಕೂತೆ. ಗೋಣಿಚೀಲ ಒತ್ತಿದ ಆ ಕಿಟಕಿ, ನನ್ನ ಬಾಯಿಯನ್ನೇ ನೋಡುತ್ತಿದ್ದ ಆ ಮುಖ. ಉತ್ತರ ತಪ್ಪಾಗಿದೆಯೇ ಎಂದು ಕೇಳಿದ್ದಕ್ಕೆ ನಾನು ಬರೆಯದೇ ಹೋದದ್ದು. ಮದರ್ ಹಿಂದೆ ಹೋಗಿ ಕೂತು ನೋಡುತ್ತಿದ್ದ ಬೆಂಚಿನ ಹಿಂದೆಯೂ ಒಂದು ಬೆಂಚು ಇರುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಸೈನ್ಸ್ ಟೀಚರ್ ಎಲ್ಲ ಕೇಳಿ, ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಆಗ ನಗುತ್ತಿರಲಿಲ್ಲ.

"ಅಳಿಸಿದ್ದು ವಾಪಸ್ ಬರತದೇನು?" ಎಂದು ಕೇಳಿದೆ.

"ಬರೂದಿಲ್ರಿ. ಹೊಸಾದು ಮಾಡಬೇಕು."

"ಆ ಅಜ್ಜಿಗೆ ಗೊತ್ತಾದ್ರ ಹುಡುಗಿನ್ನ ಮತ್ತ ಮನ್ಯಾಗ ಕೂಡಸ್ತಾಳ."

"ಗೊತ್ತಾಗಲಾರದಂಗ ಮಾಡೂಣು. ಹೊಸಾದಕ್ಕ ಸಾಲಿ ಹೆಸರ ಬ್ಯಾಡ."

ಹೊಸ ಸೈಟಿಗೆ ಒಂದೇ ಪುಟ. ಬಿಳಿ, ಎಡಕ್ಕೆ ಗೆರೆ, ಬಲಗಡೆ ತಾರೀಖು. ಹತ್ತನೆಯದಲ್ಲ, ಅವಳು ಬಿಟ್ಟ ಒಂಬತ್ತನೆಯ ಕ್ಲಾಸಿನಿಂದ ಪಾಠ. ಹಾಜರಿ ಇಲ್ಲ. ಕೆಳಗೆ ಬರೆಯಲು, ಫೋಟೊ ಕಳಿಸಲು ಒಂದಿಷ್ಟು ಜಾಗ. ಅದರ ವಿಳಾಸವನ್ನು ಚೀಟಿಯಲ್ಲಿ ಬರೆದು ಅವಳ ತಂಗಿ ಇಪ್ಪತ್ತಮೂರರ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟೆ. "ಅಜ್ಜಿ ಮುಂದ ತಗೀಬ್ಯಾಡ" ಎಂದೆ. "ಗೊತ್ತೈತ್ರಿ" ಎಂದು ನನಗೇ ಬುದ್ಧಿ ಹೇಳುವ ಹಾಗೆ ನೋಡಿದಳು.

ಮರುದಿನ ಎಷ್ಟು ಜನ ನೋಡಿದ್ದಾರೆ ಎಂದು ತೋರಿಸುವ ಜಾಗದಲ್ಲಿ ಒಂದು ಎಂದಿತ್ತು. ಎರಡು ದಿನ ಬಿಟ್ಟು ಒಂದು ಹಾಳೆಯ ಫೋಟೊ ಬಂತು. ಮೇಲೆ, ಮೊದಲು ಇಪ್ಪತ್ತಮೂರು ಎಂದು ಬರೆಯುತ್ತಿದ್ದ ಜಾಗದಲ್ಲಿ, ತನ್ನ ಹೆಸರು ಬರೆದಿದ್ದಳು. ಅದನ್ನು ಇಲ್ಲಿ ನಾನು ಬರೆಯುವುದಿಲ್ಲ. ಉತ್ತರ ತಪ್ಪಾಗಿರಲಿಲ್ಲ ಎಂದು ಅವಳಿಗೆ ಬರೆದೆ. ಆ ವಾರ ನಾನೇ ತಪ್ಪು ಮಾಡುತ್ತಿದ್ದೆ ಎಂದೂ ಬರೆದೆ.

ತಂಗಿ ಮಾರ್ಚಿನಲ್ಲಿ ಪರೀಕ್ಷೆಗೆ ಕೂತಳು, ಪಾಸಾದಳು. ಈಗ ವಿಜಯಪುರದ ಕಾಲೇಜಿಗೆ ಬರುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ದೂರದಿಂದಲೇ ಕೂಗುತ್ತಾಳೆ. ಬ‌ಬಲೇಶ್ವರದ ಆ ಮಾಸ್ತರರು ಒಮ್ಮೆ ಫೋನ್ ಮಾಡಿ, "ಹಾಜರಿ ಪೇಜ್ ಭರ್ಜರಿ ನಡದೈತ್ರಿ ಮೇಡಂ" ಎಂದರು. ಆಗ ನಾಲಿಗೆ ತಡೆಯಲಿಲ್ಲ, ಎಲ್ಲವನ್ನೂ ಹೇಳಿದೆ. "ನಮ್ಮೂರಾಗ ಹಂಗೇನಿಲ್ರಿ" ಎಂದು ನಕ್ಕರು. ತೆಗೆದರೋ ಇಲ್ಲವೋ ಗೊತ್ತಿಲ್ಲ.

ಅಕ್ಕ ಐದು ತಿಂಗಳು ತುಂಬಿದ ಮೇಲೆ ಕೂಸು ಕಟ್ಟಿಕೊಂಡು ಕನಮಡಿಗೆ, ಗಂಡನ ಮನೆಗೆ ಹೋದಳು. ಅಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆಯೋ, ಕೋಣೆಗೆ ಕಿಟಕಿ ಇದೆಯೋ, ನನಗೆ ತಿಳಿಯದು. ಒಂದು ದಿನ ಒಂದು ಎಂದು ತೋರಿಸುತ್ತದೆ, ನಾಲ್ಕು ದಿನ ಸೊನ್ನೆ. "ಇನ್ನ ಸಾಕ ಬಿಡ್ರಿ ಮೇಡಂ, ನಿಮ್ಮ ಗಂಟಲ ನೋಡ್ರಿ" ಎನ್ನುತ್ತಾಳೆ ಸೈನ್ಸ್ ಟೀಚರ್. ಬಿಡುವುದು ಹೇಗೆ? ಸೊನ್ನೆಯ ದಿನ ಅವಳು ಬೇಡವೆಂದು ಕೇಳಲಿಲ್ಲವೋ, ಮನೆಯವರು ಬಿಡದ್ದರಿಂದ ಕೇಳಲಿಲ್ಲವೋ, ಆ ಕೌಂಟರ್ ಹೇಳುವುದಿಲ್ಲ. ಒಮ್ಮೆ ಅವಳು ಮೂರು ಗಂಟೆಗೆ ತೆರೆದರೆ ಅಲ್ಲೇನೂ ಇಲ್ಲದಂತೆ ಮಾಡಿದವಳು ನಾನು. ಇನ್ನೊಮ್ಮೆ ಮಾಡಲಾರೆ. ಊರಿಗೆ, ಮದುವೆಗೆ, ಎರಡು ದಿನ ನನ್ನ ತಂಗಿಯ ಮನೆಗೆ, ಎಲ್ಲಿಗೂ ಹೋಗದೆ ರೆಕಾರ್ಡ್ ಮಾಡುತ್ತೇನೆ.

ಕಳೆದ ತಿಂಗಳು ಒಂದು ದಿನ ಪಾಠವನ್ನು ಬೇಗ ಮುಗಿಸಿ ಬೆಳಿಗ್ಗೆಯೇ ಹಾಕಿದ್ದೆ. ಕೆಳಗಿನ ಜಾಗದಲ್ಲಿ ಒಂದು ಸಾಲು ಬಂತು: "ಮಿಸ್, ಇವತ್ತು ರೈಲು ಬರಲಿಲ್ಲ."

ಮೊದಲೆಲ್ಲ ರೈಲಿನ ಸದ್ದು ನನ್ನ ಮಾತನ್ನು ಮುಳುಗಿಸಿದರೆ ಅಳಿಸಿ ಮತ್ತೆ ಓದುತ್ತಿದ್ದೆ. ಈಗ ಪುಸ್ತಕ ತೆರೆದು, ಫೋನನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು, ಗಾಡಿ ರೈಲ್ವೆ ಗೇಟಿಗೆ ಬರುವವರೆಗೆ ಕಾಯುತ್ತೇನೆ. ಬಂದ ಮೇಲೆ ಓದಲು ಶುರು ಮಾಡುತ್ತೇನೆ.